ಅಲರ್ಜಿ ಮಾತ್ರೆಯನ್ನು ಜ್ಯೂಸ್ ಜೊತೆ ನುಂಗುತ್ತೀರಾ? ಹಾಗಾದರೆ ಇದನ್ನು ಓದಿ
ಧೂಳು, ಪರಾಗದಿಂದ ಸೀನು, ಮೂಗು ಸೋರುವುದು, ಕಣ್ಣು ತುರಿಕೆ ಶುರುವಾದರೆ ಹಲವರು ಫೆಕ್ಸೊಫೆನಡಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಇದು ಮಿದುಳನ್ನು ಸೇರುವುದು ತೀರಾ ಕಡಿಮೆ, ಹಾಗಾಗಿ ಮಂಪರು ಅಪರೂಪ.

ಆದರೆ ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ನುಂಗಿದರೆ ಔಷಧ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಗುಣ ಕಾಣಲಿಲ್ಲವೆಂದು ಇನ್ನೊಂದು ಮಾತ್ರೆ ನುಂಗಬೇಡಿ. ನೀರಿನ ಜೊತೆಗೇ ಸೇವಿಸಿ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆ್ಯಸಿಡಿಟಿ ಔಷಧಕ್ಕೂ ಇದಕ್ಕೂ 2 ಗಂಟೆ ಅಂತರವಿರಲಿ.

ಮೂಗಿನ ಅಲರ್ಜಿಗೆ ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 120 ಮಿ.ಗ್ರಾಂ.ನ ಒಂದು ಮಾತ್ರೆ ಸಾಕು. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ನಾಲಿಗೆ, ಗಂಟಲು ಊದಿಕೊಂಡು ಉಸಿರಾಟ ಕಷ್ಟವಾದರೆ ಮಾತ್ರೆ ನಂಬಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.