ಶರೀರದ ಹೊದಿಕೆ

ನಾವು ಉಂಡ ಅನ್ನವು ಜಠರವನ್ನು ಸೇರಿದೊಡನೆ ದೇಹದ ಒಳಕ್ಕೆ ಹೋಯಿತೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುವೆವು. ಶರೀರಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಸರದಲ್ಲಿ ಪೋಣಿಸಿದ ಮುತ್ತನ್ನು ನೋಡಿರಿ. ದಾರವು ಮುತ್ತಿನ ನಡುವೆ ಹಾಯ್ದಿದ್ದರೂ ಮುತ್ತಿನ ಪದಾರ್ಥದಲ್ಲಿ ಬೆರೆತಿಲ್ಲ. ಬಾಯಿಯಿಂದ ಗುದದ್ವಾರದವರೆಗೆ ನಮ್ಮನ್ನು ಹಾಯ್ದಿರುವ ಅನ್ನಮಾರ್ಗವೂ ಅಂತಹ ರಂಧ್ರವೇ. ಅದರಲ್ಲಿರುವ ಅನ್ನವು ಇನ್ನೂ ಹೊರಗೇ ಇದೆ. ತರಗತಿಯಲ್ಲಿ ಈ ಮಾತನ್ನಾಡಿದಾಗ ವಿದ್ಯಾರ್ಥಿಗಳು ನಗುವುದುಂಟು. ಆದರೆ ಇದು ಚಮತ್ಕಾರದ ಮಾತಲ್ಲ. ಹೊರಗಿನದು ನಮ್ಮದಾಗುವುದು ಜೀವಕಣಗಳ ಒಂದು ಹಾಳೆಯನ್ನು ದಾಟಿದ ಮೇಲೆಯೇ. ಈ ಹಾಳೆಗೆ ಎಪಿಥೀಲಿಯಂ ಎಂದು ಹೆಸರು. ಕನ್ನಡದಲ್ಲಿ ಹೊದಿಕೆಯ ಅಂಗಾಂಶವೆಂದು ಕರೆಯೋಣ.

ಚರ್ಮದ ಮೇಲ್ಪದರ, ಬಾಯಿ, ಕರುಳು, ಶ್ವಾಸನಾಳ, ಮೂತ್ರಕೋಶ, ಇವೆಲ್ಲದರ ಮೈಗೂ ಇದೇ ಹೊದಿಕೆ. ಬೆವರಿನ ಗ್ರಂಥಿ, ಲಾಲಾಗ್ರಂಥಿ ಮೊದಲಾದವು ಇದೇ ಹಾಳೆಯು ಒಳಮುಖವಾಗಿ ಬೆಳೆದು ಆದವುಗಳು. ಇದರ ಜೀವಕಣಗಳು ಗೋಡೆಯ ಇಟ್ಟಿಗೆಗಳಂತೆ ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡು, ಕೆಳಗೆ ಒಂದು ತೆಳುಪೊರೆಯ ಮೇಲೆ ನಿಂತಿರುತ್ತವೆ. ಹಾಳೆಯೊಳಗೆ ರಕ್ತನಾಳಗಳಿಲ್ಲ, ಅಡಿಯಿಂದ ಒಸರಿ ಬರುವುದೇ ಅದಕ್ಕೆ ಆಹಾರ. ಕಾಗದದ ಅಂಚು ತಗುಲಿ ಬೆರಳು ತೆಳ್ಳಗೆ ಸೀಳಿದಾಗ ಒಮ್ಮೊಮ್ಮೆ ರಕ್ತವೇ ಬಾರದಿರುವುದು ಈ ಕಾರಣದಿಂದ. ನರಗಳ ತುದಿಗಳು ಮಾತ್ರ ಅಲ್ಲಿಯವರೆಗೂ ಬಂದಿರುವುದರಿಂದ ಉರಿ ತಪ್ಪುವುದಿಲ್ಲ.

ಕೆಲಸವೆಂತಹುದೋ ಹಾಳೆಯ ಆಕಾರವೂ ಅಂತಹುದು. ಶ್ವಾಸಕೋಶದ ಕೋಟಿಗಟ್ಟಲೆ ಗಾಳಿಚೀಲಗಳಲ್ಲಿ ಪ್ರಾಣವಾಯುವು ರಕ್ತಕ್ಕೆ ನುಸುಳಬೇಕು. ಅಲ್ಲಿ ಒಂದೇ ಪದರ, ಅದೂ ಚಪ್ಪಟೆಯಾದ ಕಣಗಳು. ಗಾಳಿಗೂ ರಕ್ತಕ್ಕೂ ನಡುವಣ ಅಂತರವು ಅತಿ ತೆಳುವಾದೆಡೆಯಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ. ಚರ್ಮವಾದರೋ ಉಜ್ಜಾಟವನ್ನು ಸಹಿಸಬೇಕು. ಆದುದರಿಂದ ಪದರದ ಮೇಲೆ ಪದರ. ಅಡಿಯಲ್ಲಿ ಹುಟ್ಟಿದ ಕಣವು ಮೇಲೇರುತ್ತ ಸತ್ತು, ಗಟ್ಟಿಯಾಗಿ, ಸುಮಾರು ಒಂದು ತಿಂಗಳಲ್ಲಿ ಹೊಟ್ಟಾಗಿ ಉದುರುವುದು. ಮೂತ್ರಕೋಶದ ಹೊದಿಕೆ ಹಿಗ್ಗಿದಾಗ ತೆಳುವಾಗಿಯೂ ಕುಗ್ಗಿದಾಗ ದಪ್ಪವಾಗಿಯೂ ಕಾಣುವುದು. ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಘನಾಕಾರದ ಕಣಗಳಿವೆ. ದಿನವೊಂದಕ್ಕೆ ಅಲ್ಲಿ ಸೋಸಿಬರುವ ಸುಮಾರು 180 ಲೀಟರು ದ್ರವದಲ್ಲಿ ಒಂದೂವರೆ ಎರಡು ಲೀಟರನ್ನು ಬಿಟ್ಟು ಉಳಿದುದೆಲ್ಲವೂ ನಾಳಗಳ ಹೊದಿಕೆಯ ಮೂಲಕ ರಕ್ತಕ್ಕೆ ಹಿಂದಿರುಗುತ್ತದೆ.

ಶ್ವಾಸನಾಳದ ಕಣಗಳು ಕಂಬದಂತೆ ಎತ್ತರವಾಗಿದ್ದು ತಲೆಯ ಮೇಲೆ ಸೂಕ್ಷ್ಮ ರೋಮಗಳನ್ನು ಹೊತ್ತಿವೆ. ನಡುನಡುವೆ ಇರುವ ಬೇರೆ ಕಣಗಳು ಸುರಿಸುವ ಲೋಳೆಗೆ ಧೂಳು ಅಂಟಿಕೊಳ್ಳುತ್ತದೆ. ರೋಮಗಳು ಸೆಕೆಂಡಿಗೆ ಹತ್ತಕ್ಕೂ ಮಿಕ್ಕು ಸಲ ಬೀಸಿ ಅದನ್ನು ಗಂಟಲಿಗೆ ತಳ್ಳುತ್ತವೆ. ಬಹುಕಾಲ ಹೊಗೆಬತ್ತಿ ಸೇದುವವನಲ್ಲಿ ಈ ರೋಮವುಳ್ಳ ಹಾಳೆಯ ಬದಲು ಚರ್ಮದಂತಹ ಪದರಗಳು ಬೆಳೆಯುವುದುಂಟು. ಅವು ಹೊಗೆಯನ್ನು ತಾಳಿಕೊಳ್ಳುತ್ತವೆ, ಆದರೆ ಗುಡಿಸಲಾರವು. ಬೆಳಗಿನ ಕೆಮ್ಮು ಆ ಕೆಲಸವನ್ನು ಮಾಡಬೇಕಾಗುತ್ತದೆ. ಸದಾ ಹೊಸದಾಗುತ್ತಿರುವ ಹಾಳೆಯಲ್ಲಿ ಹುಟ್ಟು ಎಲ್ಲೆಮೀರುವ ಭಯವೂ ಉಂಟು. ಪ್ರೌಢರ ಕ್ಯಾನ್ಸರುಗಳಲ್ಲಿ ಬಹುಪಾಲು ಹುಟ್ಟುವುದು ಹೊದಿಕೆಯ ಅಂಗಾಂಶದಲ್ಲಿಯೇ. ಹೊಗೆಸೊಪ್ಪಿಲ್ಲದ ಬರಿಯ ಅಡಕೆಯೂ ಕ್ಯಾನ್ಸರುಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರು ಸಂಶೋಧನ ಮಂಡಲಿಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿತು. ಅಡಕೆಯ ತೋಟಗಳ ನಾಡಿನವರಾದ ನಮಗೆ ಇದು ಪ್ರಿಯವಾದ ಮಾತಲ್ಲವಾದರೂ, ಕೆನ್ನೆಯ ಒಳಮೈಗೆ ನಮ್ಮ ಅಭಿಮಾನ ತಿಳಿಯದು.

ಇನ್ನು ಕರುಳು. ಸಣ್ಣಕರುಳಿನ ಹೊದಿಕೆಯೂ ಕಂಬದಾಕಾರದ ಕಣಗಳ ಒಂದೇ ಪದರ; ಕೆಲವೇ ದಿನಗಳಲ್ಲಿ ಪೂರ್ತಿಯಾಗಿ ಹೊಸದಾಗುವಂತಹುದು. ಕಾಲರಾ ಕ್ರಿಮಿಯು ಈ ಹಾಳೆಯನ್ನು ಹರಿಯುವುದಿಲ್ಲ, ಕೊರೆಯುವುದಿಲ್ಲ. ಅದರ ವಿಷವು ಕಣಗಳಲ್ಲಿರುವ ಒಂದು ಬಾಗಿಲನ್ನು ಮುಚ್ಚದಂತೆ ಮಾಡುತ್ತದೆ, ಅಷ್ಟೆ. ಅದರ ಮೂಲಕ ಲವಣಾಂಶವು ಹೊರಗೆ ಸುರಿಯುವುದು. ಅದನ್ನು ನೀರು ಹಿಂಬಾಲಿಸುವುದು. ರೋಗ ತೀವ್ರವಾದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗಬಹುದು. ಬರಿಯ ನೀರನ್ನು ಕುಡಿಸಿದರೆ ಸಾಲದು.

ಆದರೆ ಅದೇ ಕಣದಲ್ಲಿ ಇನ್ನೊಂದು ಬಾಗಿಲಿದೆ. ವಿಷವು ಅದನ್ನು ಮುಟ್ಟುವುದಿಲ್ಲ. ಗ್ಲೂಕೋಸು ಮತ್ತು ಸೋಡಿಯಂ ಜೊತೆಗೂಡಿ ಬಂದರೆ ಮಾತ್ರ ಅದು ಎರಡನ್ನೂ ಒಳಕ್ಕೆ ಬಿಡುವುದು. ಅವುಗಳ ಹಿಂದೆ ನೀರೂ ಬರುವುದು. ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ ಈ ಜೊತೆಗಾರಿಕೆಯನ್ನು 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಸೂಚಿಸಿದರು. ಮುಂದೆ ಕಲ್ಕತ್ತೆ, ಢಾಕಾಗಳಲ್ಲಿ ಪ್ರಯೋಗಗಳು ನಡೆದವು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಲವಣದ ನೀರು ಸಾಲದೆ ಬಂದಾಗ, ಡಾಕ್ಟರ್ ದಿಲೀಪ್ ಮಹಲನೋಬಿಸ್ ಅವರು ಗ್ಲೂಕೋಸು, ಉಪ್ಪು, ಅಡಿಗೆಸೋಡ ಕಲಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಸುಮಾರಿನಲ್ಲಿದ್ದ ಮರಣವು, ಹೀಗೆ ಉಪಚರಿಸಲ್ಪಟ್ಟವರಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಹೊಸ ಔಷಧಿ ಯಾವುದೂ ಇಲ್ಲದೆ, ಹೊದಿಕೆಯ ಒಂದು ಬಾಗಿಲನ್ನರಿತು ಸಾಧಿಸಿದ ಕಾರ್ಯವಿದು.

ಇಂದು ಈ ಮಿಶ್ರಣವು ಓ.ಆರ್.ಎಸ್. ಎಂಬ ಪೊಟ್ಟಣದಲ್ಲಿ ಔಷಧದ ಅಂಗಡಿಗಳಲ್ಲಿ ದೊರೆಯುವುದು. ಅದು ಕೈಗೆಟಕದಿದ್ದಲ್ಲಿ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಟೀ ಚಮಚದಿಂದ ಮಟ್ಟಸವಾಗಿ ಆರು ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕರಗಿಸಿಕೊಳ್ಳಬಹುದು. ಅಳತೆಯನ್ನು ಮೀರಬಾರದು. ಸಕ್ಕರೆ ಅತಿಯಾದರೆ ಅದೇ ನೀರನ್ನು ಕರುಳಿನೊಳಕ್ಕೆ ಸೆಳೆದು ಭೇದಿಯನ್ನು ಹೆಚ್ಚಿಸುವುದು; ಉಪ್ಪು ಅತಿಯಾದರೆ ಶಿಶುಗಳಿಗೆ ಅಪಾಯ. ಮಗುವು ವಾಂತಿಮಾಡಿಕೊಂಡರೆ ಹತ್ತು ನಿಮಿಷ ತಡೆದು, ಮತ್ತೆ ಚಮಚದಿಂದ ಸ್ವಲ್ಪಸ್ವಲ್ಪವಾಗಿ ಕುಡಿಸತಕ್ಕದ್ದು. ಮಗುವು ಮಂಕಾಗಿ, ಕಣ್ಣು ಗುಳಿಬಿದ್ದು, ಕುಡಿಯಲಾರದಂತಾದರೆ ಮನೆಯಲ್ಲಿ ಕಾಯದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.