ಡಿಕ್ಕಿ ತೆಗೆಯಿರಿ ಎಂದಾಗ: ತಪ್ಪು ಕಲ್ಪನೆ ಮತ್ತು ವಾಸ್ತವ

ನಾಕಾಬಂದಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ಡಿಕ್ಕಿ ತೆಗೆಯಲು ಹೇಳಿದರೆ ನಮ್ಮ ಹಕ್ಕೇನು? ‘ವಾರಂಟ್ ಇಲ್ಲದೆ ಮುಟ್ಟುವ ಹಾಗೇ ಇಲ್ಲ’ ಎನ್ನುವವರು ಕೆಲವರು. ‘ಪೊಲೀಸರ ಮುಂದೆ ನಮ್ಮದೇನು ನಡೆಯುತ್ತೆ’ ಎಂದು ಕೈಚೆಲ್ಲುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ಮಾದಕ ದ್ರವ್ಯದ ವಿಷಯದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಪೊಲೀಸರಿಗೆ ದೊಡ್ಡ ಅಧಿಕಾರ ಕೊಟ್ಟಿದೆ, ಜೊತೆಗೆ ಅಷ್ಟೇ ಬಿಗಿಯಾದ ಷರತ್ತುಗಳನ್ನೂ ಹಾಕಿದೆ. ಆ ಷರತ್ತುಗಳು ತಿಳಿಯದೆ ಪೆಟ್ಟು ತಿನ್ನುವವರು ಬಾಡಿಗೆಗೆ ಟ್ಯಾಕ್ಸಿ, ಗೂಡ್ಸ್ ಆಟೊ, ಲಾರಿ ಓಡಿಸಿ ಸಂಸಾರ ಸಾಗಿಸುವವರು. ಮುಖ್ಯವಾಗಿ ಅವರಿಗಾಗಿ ಈ ಬರಹ.

‘ವಾರಂಟ್ ಇಲ್ಲದಿದ್ದರೆ ತಪಾಸಣೆಗೆ ಬಿಡಬೇಕಿಲ್ಲ’

ಬಿಡಲೇಬೇಕು. ಬಸ್ಸಿನಂಥ ಸಾರ್ವಜನಿಕ ವಾಹನಕ್ಕೆ ಕಾಯ್ದೆಯ 43ನೇ ಸೆಕ್ಷನ್, ಖಾಸಗಿ ಕಾರು–ಜೀಪಿಗೆ 42ನೇ ಸೆಕ್ಷನ್ ಅನ್ವಯಿಸುತ್ತದೆ. ಎರಡರಲ್ಲೂ ವಾರಂಟ್ ಇಲ್ಲದೆ ತಪಾಸಣೆಗೆ ಅವಕಾಶವಿದೆ. ಆದರೆ ಕಾನ್‌ಸ್ಟೆಬಲ್ ದರ್ಜೆಯವರಿಗೆ ಈ ಅಧಿಕಾರ ಇಲ್ಲ. ಅದಕ್ಕಿಂತ ಮೇಲಿನ, ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯೇ ಇರಬೇಕು. ಖಾಸಗಿ ವಾಹನವಾದರೆ ಸಿಕ್ಕ ಮಾಹಿತಿಯನ್ನು ಬರೆದಿಟ್ಟು, 72 ಗಂಟೆಯೊಳಗೆ ಅದರ ಪ್ರತಿಯನ್ನು ಮೇಲಧಿಕಾರಿಗೆ ಕಳಿಸಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ತಪಾಸಣೆಯಾದರೆ, ವಾರಂಟ್ ತರಲು ಹೋದರೆ ಸಾಕ್ಷ್ಯ ಕೈತಪ್ಪುತ್ತದೆ ಎಂದು ನಂಬಲು ಕಾರಣವೇನು ಎಂಬುದನ್ನೂ ದಾಖಲಿಸಬೇಕು. ಖಾಸಗಿ ಜೀಪು ಸಾರ್ವಜನಿಕ ರಸ್ತೆಯಲ್ಲಿ ನಿಂತಿದ್ದ ಮಾತ್ರಕ್ಕೆ 42ರ ಷರತ್ತಿನಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು 2021ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆರೋಪಿಗಳನ್ನು ಬಿಡುಗಡೆ ಮಾಡಿತು.

ರಸ್ತೆಯಲ್ಲಿ ಅಡ್ಡ ನಿಂತು ಜಗಳವಾಡಿದರೆ ಕರ್ತವ್ಯಕ್ಕೆ ಅಡ್ಡಿಪಡಿಸಿದ ಇನ್ನೊಂದು ಕೇಸು ಮೈಮೇಲೆ ಬರುತ್ತದೆ, ಅಷ್ಟೆ. ಅಧಿಕಾರಿಯ ಹೆಸರು, ದರ್ಜೆ ಕೇಳಿಕೊಳ್ಳಿ. ಪಂಚರು ಯಾರು ಎಂದು ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿಯ ವಿಡಿಯೊ ಆಗಬೇಕು. ‘ಸಾರ್, ವಿಡಿಯೊ ಮಾಡಿಕೊಂಡೇ ನೋಡಿ’ ಎನ್ನುವುದು ಉದ್ಧಟತನವಲ್ಲ.

‘ಮೈ ತಪಾಸಣೆಗೂ ಗಾಡಿ ತಪಾಸಣೆಗೂ ವ್ಯತ್ಯಾಸವಿಲ್ಲ’

ಇಡೀ ಕಾಯ್ದೆಯಲ್ಲಿ ಆರೋಪಿಗೆ ಸಿಗುವ ಅತಿ ದೊಡ್ಡ ರಕ್ಷಣೆ ಇಲ್ಲಿದೆ. ಮಾದಕ ದ್ರವ್ಯದ ಶಂಕೆಯಿಂದ ಮೈ ತಡವುವ ಮುನ್ನ, ‘ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆಗೆ ಒಳಗಾಗುವ ಹಕ್ಕು ನಿನಗಿದೆ’ ಎಂದು ಪೊಲೀಸರು ತಿಳಿಸಬೇಕು. ಇದು 50ನೇ ಸೆಕ್ಷನ್. ತಿಳಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1999ರಲ್ಲಿ ಹೇಳಿತು. ತಿಳಿಸದೆ ಮೈಯಿಂದ ತೆಗೆದ ವಸ್ತುವನ್ನು ಮಾತ್ರ ನೆಚ್ಚಿ ಶಿಕ್ಷೆ ಕೊಡುವಂತಿಲ್ಲ. ಈ ಷರತ್ತನ್ನು ಹೆಚ್ಚುಕಡಿಮೆ ಪಾಲಿಸಿದರೆ ಸಾಲದು, ಚಾಚೂ ತಪ್ಪದೆ ಪಾಲಿಸಬೇಕು ಎಂದು ಇನ್ನೊಂದು ಸಂವಿಧಾನ ಪೀಠ 2010ರಲ್ಲಿ ಸ್ಪಷ್ಟಪಡಿಸಿತು.

ನಡೆಯುವುದೇನು? ಮೊದಲೇ ಸಿದ್ಧವಾದ ಒಂದು ಹಾಳೆ ಮುಂದೆ ಬರುತ್ತದೆ: ‘ನನಗೆ ಪತ್ರಾಂಕಿತ ಅಧಿಕಾರಿಯ ಅಗತ್ಯವಿಲ್ಲ, ತಾವೇ ತಪಾಸಣೆ ಮಾಡಬಹುದು.’ ಕೆಳಗೆ ಸಹಿಗೆ ಜಾಗ. ಗಾಬರಿಯಲ್ಲಿ ಇರುವವನು ಓದದೆ ಗೀಚುತ್ತಾನೆ. ಆ ಒಂದು ಸಹಿಯಿಂದ ಕಾಯ್ದೆ ಕೊಟ್ಟ ರಕ್ಷಣೆ ಕೈಬಿಟ್ಟುಹೋಗುತ್ತದೆ. ‘ದಾಳಿಗೆ ಬಂದ ಅಧಿಕಾರಿಯೇ ಮಾಡಲಿ’ ಎಂಬ ಮೂರನೇ ಆಯ್ಕೆಯನ್ನು ಪೊಲೀಸರು ಮುಂದಿಡುವಂತಿಲ್ಲ, ಇಬ್ಬರು ಆರೋಪಿಗಳಿದ್ದರೆ ಒಂದೇ ಜಂಟಿ ನೋಟಿಸ್ ಸಾಲದು ಎಂದು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಓದಿ, ಓದಲು ಬಾರದಿದ್ದರೆ ಓದಿಸಿ. ಒಪ್ಪಿಗೆ ಇಲ್ಲದಿದ್ದರೆ ‘ಮ್ಯಾಜಿಸ್ಟ್ರೇಟರ ಮುಂದೆಯೇ ಆಗಲಿ’ ಎಂದು ನಿಮ್ಮ ಕೈಯಿಂದಲೇ ಬರೆಯಿರಿ. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. ಇದಕ್ಕೆ ವಿನಾಯಿತಿ ಇಲ್ಲ.

ಆದರೆ ಈ ರಕ್ಷಣೆ ಮೈಗೆ ಮಾತ್ರ. ಕೈಚೀಲ, ಡಿಕ್ಕಿ, ಸೀಟಿನ ಅಡಿ, ಡ್ಯಾಶ್‌ಬೋರ್ಡ್ ಇದರ ಹೊರಗೆ. ಬ್ಯಾಗು ಮೈಯಲ್ಲ ಎಂದು 2005ರ ತೀರ್ಪು ಹೇಳುತ್ತದೆ. ‘50 ಪಾಲಿಸಿಲ್ಲ, ಕೇಸು ಬಿದ್ದೇ ಹೋಗುತ್ತದೆ’ ಎಂದು ಕಾರಿನ ಕೇಸಿನಲ್ಲಿ ನಂಬಿಕೊಂಡು ಕೂತರೆ ನಿರಾಸೆಯೇ ಗತಿ.

‘ಗಾಡಿಯಲ್ಲಿ ಸಿಕ್ಕಿದರೆ ಡ್ರೈವರನೇ ಅಪರಾಧಿ’

ಚಾಲಕರನ್ನು ಅತಿ ಹೆಚ್ಚು ಕಾಡುವ ಭಯ ಇದು. ಕಾಯ್ದೆಯ 35 ಮತ್ತು 54ನೇ ಸೆಕ್ಷನ್‌ಗಳು ಆರೋಪಿಯ ವಿರುದ್ಧ ಊಹೆ ಮಾಡಿಕೊಳ್ಳಲು ಅವಕಾಶ ಕೊಡುವುದರಿಂದ ಈ ಭಯಕ್ಕೆ ಕಾರಣವೂ ಇದೆ. ಆದರೆ ವಸ್ತು ವಶದಲ್ಲಿತ್ತು ಎಂಬುದನ್ನು ಮೊದಲು ಪೊಲೀಸರು ತೋರಿಸಬೇಕು. ಆಮೇಲೆ ‘ನನಗೆ ಗೊತ್ತಿರಲಿಲ್ಲ’ ಎಂದು ಸಾಬೀತುಪಡಿಸುವ ಅವಕಾಶ ಚಾಲಕನಿಗೆ ಉಂಟು. ಅದಕ್ಕೆ ಬೇಕಾದ ಸಾಕ್ಷ್ಯ ಆ ದಿನವೇ ಅವನ ಕೈಯಲ್ಲಿರುತ್ತದೆ: ಆ್ಯಪಿನಲ್ಲಿ ಬುಕ್ಕಿಂಗ್ ವಿವರ, ಪ್ರಯಾಣಿಕ ಮಾಡಿದ ಕರೆ, ಟೋಲ್ ರಸೀದಿ, ಲಾರಿಯಾದರೆ ಲೋಡಿನ ಬಿಲ್ಲು. ಇವನ್ನು ಅಳಿಸಬೇಡಿ, ಕಳೆಯಬೇಡಿ. ಬ್ಯಾಗು ಯಾರದು, ಎಲ್ಲಿಂದ ಹತ್ತಿದರು ಎಂಬುದು ಮಹಜರಿನಲ್ಲಿ ಬರಲಿ ಎಂದು ಕೇಳಿ.

ಇನ್ನು ಗಾಡಿ. ಸಾಲದ ಕಂತು ಕಟ್ಟುತ್ತಿರುವಾಗ ಅದು ಸ್ಟೇಷನ್ ಅಂಗಳದಲ್ಲಿ ಮಳೆಗೆ ಬಿಸಿಲಿಗೆ ತುಕ್ಕು ಹಿಡಿಯುವುದನ್ನು ನೋಡುವ ಸಂಕಟ ಸಣ್ಣದಲ್ಲ. ‘ಎನ್‌ಡಿಪಿಎಸ್ ಕೇಸಿನ ಗಾಡಿ ವಾಪಸ್ ಬರುವುದಿಲ್ಲ’ ಎಂಬ ಮಾತು ತಪ್ಪು. ಲಾರಿಯಲ್ಲಿ ಬರುತ್ತಿದ್ದ ಪ್ರಯಾಣಿಕನ ಬಳಿ ಹೆರಾಯಿನ್ ಸಿಕ್ಕ ಅಸ್ಸಾಂನ ಪ್ರಕರಣದಲ್ಲಿ, ಮಧ್ಯಂತರವಾಗಿ ವಾಹನ ಬಿಡಲು ಕಾಯ್ದೆಯಲ್ಲಿ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿತು. ಮಾಲೀಕರು ತಡಮಾಡದೆ ಅರ್ಜಿ ಹಾಕಬೇಕು.

‘ಫೋನ್ ಕೇಳಿದರೆ ಲಾಕ್ ತೆಗೆದು ಕೊಡಲೇಬೇಕು’

ರಸ್ತೆಬದಿಯಲ್ಲಿ ಅಲ್ಲ. ಬೆಂಗಳೂರಿನ ಡ್ರಗ್ಸ್ ಪ್ರಕರಣದಿಂದಲೇ ಈ ಪ್ರಶ್ನೆ ಎದ್ದು, 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಉತ್ತರ ಕೊಟ್ಟಿದೆ. ತುರ್ತು ಸಂದರ್ಭದ ಹೊರತು ಫೋನಿನ ಶೋಧಕ್ಕೆ ವಾರಂಟ್ ಬೇಕು. ಪಾಸ್‌ವರ್ಡ್ ಹೇಳುವಂತೆ ಪೊಲೀಸರು ತಾವಾಗಿಯೇ ಬಲವಂತ ಮಾಡುವಂತಿಲ್ಲ. ಕೋರ್ಟ್ ಆದೇಶ ತಂದರೆ ಮಾತ್ರ ಕೊಡಬೇಕಾಗುತ್ತದೆ.

‘ಸ್ವಲ್ಪವೇ ಇದ್ದರೆ ಕೇಸಾಗುವುದಿಲ್ಲ’

ಆಗುತ್ತದೆ. ‘ಅಲ್ಪ ಪ್ರಮಾಣ’ ಎಂದರೆ ಗಾಂಜಾ ಒಂದು ಕಿಲೋವರೆಗೆ, ಚರಸ್ 100 ಗ್ರಾಂ, ಹೆರಾಯಿನ್ 5 ಗ್ರಾಂ, ಎಂಡಿಎಂಎ ಬರೀ ಅರ್ಧ ಗ್ರಾಂ. ಅಷ್ಟಕ್ಕೇ ಒಂದು ವರ್ಷದವರೆಗೆ ಕಠಿಣ ಸಜೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಾತ್ರೆಯಲ್ಲಿ ಬೆರೆಸಿದ ಪುಡಿಯ ತೂಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದರಿಂದ ಎರಡು ಮಾತ್ರೆ ಎಂದರೆ ಅಲ್ಪವೇ ಎಂದು ಭಾವಿಸುವಂತಿಲ್ಲ. ಗಾಂಜಾದಲ್ಲಿ ವಿಷಯ ತಿರುಗುಮುರುಗು. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ–ಕಾಯಿಯ ತುದಿ. ತುದಿಯ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ತೂಗಿದ್ದು ಏನನ್ನು ಎಂಬುದು ಮಹಜರಿನಲ್ಲಿದೆಯೇ ಎಂದು ವಕೀಲರು ನೋಡಲೇಬೇಕು.

ಜಾಮೀನಿಗೆ ಅತಿ ಕಠಿಣ ಷರತ್ತು ಹಾಕುವ 37ನೇ ಸೆಕ್ಷನ್ ಅಲ್ಪ ಪ್ರಮಾಣದ ಕೇಸಿಗೆ ಅಡ್ಡ ಬರುವುದಿಲ್ಲ. ಆದರೂ ಸ್ಟೇಷನ್ನಿನಲ್ಲೇ ಜಾಮೀನು ಸಿಗುತ್ತದೆ ಎಂದು ನೆಚ್ಚಬೇಡಿ. ಈ ಬಗ್ಗೆ ಕೋರ್ಟುಗಳು ಬೇರೆಬೇರೆ ನಿಲುವು ತಳೆದಿವೆ.

‘ಒಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು’

ಹುಡುಗರ ಮನೆಯವರು ಬಹಳ ಸಲ ಹೀಗೇ ಯೋಚಿಸುತ್ತಾರೆ. ಕೋರ್ಟಿನಲ್ಲಿ ತಪ್ಪೊಪ್ಪಿ ಕಟ್ಟಿದ ದಂಡವೂ ಶಿಕ್ಷೆಯೇ. ನೌಕರಿಯ ಅರ್ಜಿಯಲ್ಲಿ ಕೇಳಿದರೆ ಹೇಳಬೇಕು. ಮತ್ತೊಮ್ಮೆ ಸಿಕ್ಕಿಬಿದ್ದರೆ ಶಿಕ್ಷೆ ಹೆಚ್ಚುತ್ತದೆ. ಚಟಕ್ಕೆ ಬಿದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿಯನ್ನು ಕಾಯ್ದೆಯೇ ತೋರಿಸಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿದ್ದು, ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದ ವ್ಯಸನಿಗೆ 64ಎ ಸೆಕ್ಷನ್ ಮೊಕದ್ದಮೆಯಿಂದಲೇ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. ಈ ಸೆಕ್ಷನ್ ಇಷ್ಟು ಕಡಿಮೆ ಮಂದಿಗೆ ಗೊತ್ತಿರುವುದು ನಿಜಕ್ಕೂ ಅನ್ಯಾಯ.

ಠಾಣೆಯಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆ ಹೇಳಿಕೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಆ ಸಂಖ್ಯೆಯನ್ನು ಗಾಡಿಯ ದಾಖಲೆಗಳ ಜೊತೆಗೇ ಬರೆದಿಟ್ಟುಕೊಳ್ಳಿ.