ಹೋಟೆಲಿನ ಪಿಟೀಲು

ಹೋಟೆಲೆಂದೊಡನೆ ನಮ್ಮವರ ಕಿವಿಗೆ ಬೀಳುವುದು ದೋಸೆಯ ಕಾವಲಿಯ ಸದ್ದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಯೂರೋಪಿನ ಭಾರಿ ಹೋಟೆಲುಗಳಲ್ಲಿ ಕೇಳಿಸುತ್ತಿದ್ದುದಾದರೋ ಪಿಟೀಲು, ಚೆಲ್ಲೊ, ಪಿಯಾನೋಗಳ ಮೆಲುದನಿ. ಕುಂಡದ ತಾಳೆಗಿಡಗಳ ನಡುವೆ ಕುಳಿತ ನಾಲ್ಕೈದು ಮಂದಿ ವಾಲ್ಟ್ಸ್, ಟ್ಯಾಂಗೊ, ಗೀತನಾಟಕಗಳ ತುಣುಕುಗಳನ್ನು ನುಡಿಸುವರು. ಚಹಾ ಕುಡಿಯುವವರು ಮಾತು ನಿಲ್ಲಿಸಬೇಕಾಗಿರಲಿಲ್ಲ; ವಾದಕರೂ ಅದನ್ನು ಬಯಸುತ್ತಿರಲಿಲ್ಲ.

ಇದು ಹಗುರ ಸಂಗೀತ, ನಿಜ; ಆದರೆ ಹಗುರವಾದ ವಿದ್ಯೆಯಲ್ಲ. ದೊಡ್ಡ ವೃಂದಕ್ಕೆ ರಚಿಸಿದ ಕೃತಿಯನ್ನು ಐವರಿಗೆ ಇಳಿಸಬೇಕು. ಇಲ್ಲದ ಕೊಳಲು ಕಹಳೆಗಳ ಪಾಲನ್ನು ಪಿಯಾನೋ ತುಂಬಬೇಕು. ಎಷ್ಟೋ ಕಡೆ ನಮಗೆ ಚಿರಪರಿಚಿತವಾದ ಹಾರ್ಮೋನಿಯಮ್ಮೇ ಆ ಭಾರವನ್ನು ಹೊರುತ್ತಿತ್ತು.

ರೇಡಿಯೋ, ಗ್ರಾಮಾಫೋನು, ವಾಕ್ಚಿತ್ರಗಳು ಬಂದ ಮೇಲೆ ಈ ವಾದಕರ ಅನ್ನಕ್ಕೆ ಕುತ್ತು ಬಂದಿತು. ಮರೆತ ಈ ಸಂಗೀತಕ್ಕೆ 1980ರ ದಶಕದಲ್ಲಿ ಮತ್ತೆ ಉಸಿರಿತ್ತವರಲ್ಲಿ ಸ್ವಿಟ್ಜರ್ಲೆಂಡಿನ 'ಈ ಸಲೋನಿಸ್ತಿ' ಎಂಬ ಐವರ ತಂಡವೂ ಒಂದು. 1997ರ 'ಟೈಟಾನಿಕ್' ಚಿತ್ರದಲ್ಲಿ ಹಡಗಿನ ವಾದ್ಯಗಾರರಾಗಿ ಕಾಣಿಸಿಕೊಂಡವರು ಈ ತಂಡದವರೇ.

ತೇಲುವ ಹೋಟೆಲಿನಂತಿದ್ದ ಆ ಹಡಗಿನಲ್ಲಿ ನಿಜವಾಗಿ ನುಡಿಸಿದವರು ವಾಲೇಸ್ ಹಾರ್ಟ್ಲಿ ಮತ್ತು ಅವನ ಏಳು ಮಂದಿ ಸಂಗಡಿಗರು. 1912ರ ಏಪ್ರಿಲ್ 15ರ ನಸುಕಿನಲ್ಲಿ ಅವರಲ್ಲಿ ಒಬ್ಬನೂ ಉಳಿಯಲಿಲ್ಲ. ಕಡೆಗೆ ನುಡಿಸಿದ್ದು ಯಾವ ಮಟ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅವರು ಹಡಗಿನ ಕಂಪೆನಿಯ ನೌಕರರಲ್ಲ. ದಳ್ಳಾಳಿ ಸಂಸ್ಥೆಯೊಂದರ ಕೂಲಿಗಳು. ಪಿಟೀಲುವಾದಕ ಜಾಕ್ ಹ್ಯೂಮ್‌ಗೆ ಆಗ ಕೇವಲ 21 ವರ್ಷ. ದುರಂತ ನಡೆದ ಕೆಲವೇ ದಿನಗಳಲ್ಲಿ ಅವನ ತಂದೆಗೆ ಆ ಸಂಸ್ಥೆಯಿಂದ ಕಾಗದ ಬಂದಿತು: ಮಗನ ಸಮವಸ್ತ್ರದ ಬಾಕಿಯನ್ನು ತೀರಿಸಬೇಕೆಂದು.